ಮಾಡಿದ ಕೆಲಸಕ್ಕೆ ಕಾಗದದ ಸಾಕ್ಷಿ

ಫೆಬ್ರುವರಿ ಬಂತೆಂದರೆ ಸ್ವಯಂಸೇವಾ ಸಂಸ್ಥೆಗಳ ಕಚೇರಿಗಳಲ್ಲಿ ಫೋನಿಗೆ ಬಿಡುವಿರುವುದಿಲ್ಲ. ‘ನಿಮ್ಮ ಯೋಜನೆ ನಮಗೆ ಹಿಡಿಸಿದೆ, ಸೋಮವಾರದೊಳಗೆ ದಾಖಲೆಗಳನ್ನೆಲ್ಲ ಕಳಿಸಿಬಿಡಿ’ ಎಂದು ಯಾವುದೋ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು ಹೇಳುತ್ತಾರೆ. ಈ ಅವಸರಕ್ಕೆ ಕಾರಣ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನಾದರೂ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದ ಹಣ ಬಹುವರ್ಷದ ಯೋಜನೆಗೆ ಸೇರಿದ್ದಾದರೆ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಹಾಗಲ್ಲದಿದ್ದರೆ ಆರು ತಿಂಗಳೊಳಗೆ, ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಹೆಸರಿಸಿರುವ ಸರ್ಕಾರಿ ನಿಧಿಗೆ ಸಂದಾಯವಾಗಬೇಕು. ತಾನು ನೋಡಿ ಆರಿಸಿದ ಕೆಲಸಕ್ಕೇ ಹಣ ಹೋಗಲಿ ಎಂದು ಬಯಸುವ ಕಂಪನಿ ವರ್ಷದ ಕೊನೆಯಲ್ಲಿ ಓಡುತ್ತದೆ. ತನ್ನ ಜೊತೆ ಸಂಸ್ಥೆಗಳನ್ನೂ ಓಡಿಸುತ್ತದೆ.

ಆ ಹೊತ್ತಿಗೆ ಕಡತ ಸಿದ್ಧವಾಗಿರುವವರಿಗೆ ಅನುದಾನ ಸಿಗುತ್ತದೆ. ಸಾಮಾನ್ಯವಾಗಿ ಅವರು ಬೆಂಗಳೂರಿನಲ್ಲಿ ಕಚೇರಿಯಿದ್ದು, ಅರ್ಜಿ ಬರೆಯಲೆಂದೇ ಸಿಬ್ಬಂದಿ ಇಟ್ಟುಕೊಂಡಿರುವವರು. ಸುರಪುರದಲ್ಲೋ ಲಿಂಗಸುಗೂರಿನಲ್ಲೋ ಗುಳೆ ಹೋಗುವ ಕೂಲಿಕಾರರ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ವರ್ಷಗಟ್ಟಲೆ ದುಡಿದ ಸಣ್ಣ ಸಂಸ್ಥೆ ಹಿಂದೆ ಬೀಳುತ್ತದೆ. ಮಕ್ಕಳ ಹೆಸರು, ಅವರ ಮನೆ, ಅವರಪ್ಪ ಯಾವ ಊರಿಗೆ ದುಡಿಯಲು ಹೋಗಿದ್ದಾನೆ ಎಂಬುದೆಲ್ಲ ಅಲ್ಲಿನ ಕಾರ್ಯಕರ್ತೆಗೆ ಬಾಯಿಪಾಠ. ಆದರೆ ಅದನ್ನು ಬರೆದಿಟ್ಟ ಪುಸ್ತಕವಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಹಣದ ಅಗತ್ಯ ಎಲ್ಲಿ ಅತಿ ಹೆಚ್ಚೋ ಅಲ್ಲಿಯೇ ಕಡತಗಳು ಅತಿ ದುರ್ಬಲವಾಗಿವೆ.

ಅರ್ಜಿಯಲ್ಲಿ ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ. ಅದಕ್ಕೆ ಲಗತ್ತಿಸುವ ಪೂರಕ ದಾಖಲೆಗಳಲ್ಲಿ ಬೇರೆಯವರು ಸಾಕ್ಷಿ ನುಡಿಯುತ್ತಾರೆ: ನೋಂದಣಾಧಿಕಾರಿ, ಆಡಿಟರ್, ಬ್ಯಾಂಕು, ಗ್ರಾಮ ಪಂಚಾಯಿತಿ, ಶಾಲೆಯ ಎಸ್‌ಡಿಎಂಸಿ. ಈ ಸಾಕ್ಷಿಗಳ ಮಾತು ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡುವುದೇ ದಾನಿಯ ಕಡೆಯ ಪರಿಶೀಲಕರ ಮುಖ್ಯ ಕೆಲಸ. ಎಷ್ಟು ದಾಖಲೆ ಕಳಿಸಿದ್ದಾರೆ ಎಂದು ಅವರು ತೂಕ ಹಾಕುವುದಿಲ್ಲ. ಎಲ್ಲಿ ತಾಳೆ ತಪ್ಪಿದೆ ಎಂದು ಹುಡುಕುತ್ತಾರೆ.

ತಾಳೆ ತಪ್ಪುವುದು ಮೊದಲು ಹೆಸರಿನಲ್ಲೇ. ನಮ್ಮ ಸಂಘಗಳು ಕನ್ನಡದಲ್ಲಿ ಹೆಸರಿಟ್ಟುಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದು ಕಚೇರಿಯಲ್ಲಿ ಒಂದೊಂದು ರೀತಿ ಬರೆಸಿರುತ್ತವೆ. ‘ಶ್ರೀ’ ಎಂಬುದು ಪ್ಯಾನ್ ಕಾರ್ಡಿನಲ್ಲಿ ‘ಎಸ್‌ಆರ್‌ಐ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಎಸ್‌ಎಚ್‌ಆರ್‌ಐ’. ‘ಗ್ರಾಮಾಭಿವೃದ್ಧಿ’ಯಲ್ಲಿ ಎಲ್ಲೋ ಒಂದು ‘ಡಿ’ ಕಡಿಮೆ, ಎಲ್ಲೋ ಒಂದು ‘ಎಚ್’ ಹೆಚ್ಚು. ನೋಂದಾಯಿತ ಎಂದು ತೋರಿಸಲು ಫಲಕದ ಮೇಲೆ ಬರೆಯುವ ‘(ರಿ.)’ ಕೆಲವರ ಬ್ಯಾಂಕ್ ಖಾತೆಯ ಹೆಸರಿನೊಳಗೇ ಸೇರಿಕೊಂಡುಬಿಟ್ಟಿರುತ್ತದೆ. ಊರಿನಲ್ಲಿ ಇದು ಯಾರ ಗಮನಕ್ಕೂ ಬರದು. ಆದರೆ ಆನ್‌ಲೈನ್ ಪೋರ್ಟಲ್‌ಗೆ ಇವು ಎರಡು ಬೇರೆ ಸಂಸ್ಥೆಗಳು. ನೋಂದಣಿ ಪ್ರಮಾಣಪತ್ರ, ಪ್ಯಾನ್, ಬ್ಯಾಂಕ್ ಖಾತೆ, ನೀತಿ ಆಯೋಗದ ದರ್ಪಣ್ ಪೋರ್ಟಲ್, ತೆರಿಗೆ ಇಲಾಖೆಯ ಪ್ರಮಾಣಪತ್ರ ಈ ಐದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವುದರಿಂದಲೇ ಸಿದ್ಧತೆ ಶುರುವಾಗಬೇಕು. ವ್ಯತ್ಯಾಸ ಕಂಡರೆ ಪ್ಯಾನ್ ಅಥವಾ ಬ್ಯಾಂಕ್ ಖಾತೆಯನ್ನು ನೋಂದಣಿ ಪತ್ರದಲ್ಲಿರುವಂತೆ ತಿದ್ದಿಸಿಕೊಳ್ಳಬೇಕು. ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಫೆಬ್ರುವರಿಯಲ್ಲಿ ಶುರುಮಾಡಿದರೆ ಮುಗಿಯದು.

ಕರ್ನಾಟಕದ ಹೆಚ್ಚಿನ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದವು. ಟ್ರಸ್ಟ್ ಆದರೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್ ಇರುತ್ತದೆ; ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ಲಾಭರಹಿತ ಕಂಪನಿ ಮಾಡಿಕೊಂಡವರೂ ಈಚೆಗೆ ಹೆಚ್ಚುತ್ತಿದ್ದಾರೆ. ಸಂಘಕ್ಕೆ ಒಂದು ವಿಶೇಷ ತೊಂದರೆಯಿದೆ. ನೋಂದಣಿ ಒಮ್ಮೆ ಆದರೂ, ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಮುಗಿದ ಮೇಲೆ ಹೊಸ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ಸಹಕಾರ ಇಲಾಖೆಯಡಿ ಕೆಲಸ ಮಾಡುವ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜನರ ಬಾಯಲ್ಲಿ ಇದು ‘ನವೀಕರಣ’. ಇದನ್ನು ವರ್ಷಗಟ್ಟಲೆ ಮಾಡಿಸದೆ ಬಿಟ್ಟ ಸಂಘಗಳು ಲೆಕ್ಕವಿಲ್ಲದಷ್ಟಿವೆ. ದಾನಿ ಕೇಳುವುದು ಗೋಡೆಗೆ ತೂಗುಹಾಕಿದ ನೋಂದಣಿ ಪತ್ರದ ನಕಲನ್ನು ಮಾತ್ರವಲ್ಲ. ಈಗಿನ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಯಾರು ಎಂಬುದಕ್ಕೆ ಇಲಾಖೆಯ ಮೊಹರು ಬಿದ್ದ ಪಟ್ಟಿಯನ್ನೂ ಕೇಳುತ್ತಾರೆ. ಪಟ್ಟಿಯಲ್ಲಿ ಇನ್ನೂ ಹಳೆಯ ಅಧ್ಯಕ್ಷರ ಹೆಸರಿದ್ದು, ಅರ್ಜಿಗೆ ಹೊಸಬರು ಸಹಿ ಹಾಕಿದ್ದರೆ ಆ ಸಹಿಗೆ ಅಧಿಕಾರವೇ ಇಲ್ಲದಂತಾಗುತ್ತದೆ.

ಅಲ್ಲಿಂದ ನಡಾವಳಿ ಪುಸ್ತಕಕ್ಕೆ ಬರೋಣ. ಅರ್ಜಿ ಸಲ್ಲಿಸಲು ಆಡಳಿತ ಮಂಡಳಿ ಕೈಗೊಂಡ ನಿರ್ಣಯದ ಪ್ರತಿ ಬೇಕೆಂದು ಬಹುತೇಕ ದಾನಿಗಳು ಕೇಳುತ್ತಾರೆ. ಆಗ ಎಷ್ಟೋ ಕಡೆ ನಡೆಯುವುದು ಒಂದೇ: ಎರಡು ಮೂರು ವರ್ಷಗಳ ಸಭೆಗಳನ್ನು ಒಂದೇ ರಾತ್ರಿ ಕೂತು ಬರೆಯುವುದು. ಒಂದೇ ಪೆನ್ನು, ಒಂದೇ ಕೈಬರಹ, ಪ್ರತಿ ಸಭೆಯಲ್ಲೂ ಎಲ್ಲ ಸದಸ್ಯರ ಹಾಜರಿ. ಇಂಥ ಪುಸ್ತಕವನ್ನು ಅನುಭವಿ ಪರಿಶೀಲಕರು ಮೊದಲ ನೋಟಕ್ಕೇ ಗುರುತಿಸುತ್ತಾರೆ. ಹಿಂದಿನ ತಾರೀಖು ಹಾಕಿ ಬರೆದ ನಡಾವಳಿ ಕಾನೂನಿನ ಕಣ್ಣಿಗೆ ಸುಳ್ಳು ದಾಖಲೆಯೇ, ಬರೆದವರ ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಸಭೆ ನಡೆಯದಿದ್ದರೆ ನಡೆಯಲಿಲ್ಲ ಎಂದೇ ಇರಲಿ. ಈ ತಿಂಗಳು ಸಭೆ ಕರೆದು, ‘ಇಂಥ ಅವಧಿಯಲ್ಲಿ ಸಭೆಗಳು ನಿಯಮಿತವಾಗಿ ನಡೆದಿಲ್ಲ, ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಸೇರುವುದು’ ಎಂದು ನಿರ್ಣಯ ಬರೆದರೆ ಆ ಒಂದು ಪುಟಕ್ಕಿರುವ ಬೆಲೆ ಕಟ್ಟಿಬರೆದ ಮೂವತ್ತು ಪುಟಗಳಿಗಿಲ್ಲ.

ನಡಾವಳಿ ಕನ್ನಡದಲ್ಲಿರುತ್ತದೆ, ದಾನಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅದಕ್ಕೆಂದು ಪುಸ್ತಕವನ್ನೇ ಇಂಗ್ಲಿಷಿಗೆ ಬದಲಾಯಿಸುವ ಸಂಘಗಳಿವೆ. ಹಾಗೆ ಮಾಡಿದರೆ, ಸಭೆಯಲ್ಲಿ ಕೂತ ಸ್ವಸಹಾಯ ಗುಂಪಿನ ಪ್ರತಿನಿಧಿಗೆ ತಾನು ಯಾವುದಕ್ಕೆ ಸಹಿ ಹಾಕಿದೆ ಎಂಬುದೇ ತಿಳಿಯುವುದಿಲ್ಲ. ಮೂಲ ಕನ್ನಡದಲ್ಲೇ ಇರಬೇಕು. ಅದರ ಪ್ರತಿಯ ಜೊತೆ, ಕಾರ್ಯದರ್ಶಿ ಸಹಿ ಮಾಡಿದ ಅನುವಾದ ಲಗತ್ತಿಸಿದರೆ ಸಾಕು.

ತೆರಿಗೆ ದಾಖಲೆಗಳ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಎಲ್ಲವೂ ಬದಲಾಗಿದೆ. ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ‘12ಎ’ ಪತ್ರ ಒಮ್ಮೆ ಸಿಕ್ಕರೆ ಶಾಶ್ವತ ಎಂದಿದ್ದ ಕಾಲ ಹೋಯಿತು. 2021ರ ಏಪ್ರಿಲ್ 1ರಿಂದ ಹಳೆಯ ಸಂಸ್ಥೆಗಳೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಗಡುವು ಮತ್ತೆ ಮತ್ತೆ ವಿಸ್ತರಣೆಯಾಗಿ 2024ರ ಜೂನ್ 30ಕ್ಕೆ ಕೊನೆಗೊಂಡಿತು. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ನಂತರ ಸಾಮಾನ್ಯವಾಗಿ ಐದು ವರ್ಷದ್ದು. ಸಣ್ಣ ಸಂಸ್ಥೆಗಳಿಗೆ ಹತ್ತು ವರ್ಷ ಕೊಡುವ ಅನುಕೂಲವನ್ನು 2025ರ ಹಣಕಾಸು ಕಾಯ್ದೆ ತಂದಿತು. ತಾತ್ಕಾಲಿಕ ಪತ್ರ ಹಿಡಿದುಕೊಂಡು, ಅದೇ ಕಾಯಂ ಎಂದು ನಂಬಿ ಕೂತವರನ್ನು ಈಗಲೂ ಕಾಣುತ್ತೇವೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ ‘80ಜಿ’ಯದ್ದೂ ಇದೇ ಕಥೆ. ಆಯಾ ಆರ್ಥಿಕ ವರ್ಷದಲ್ಲಿ ಬಂದ ದೇಣಿಗೆಗಳ ವಿವರವನ್ನು ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ದಾನಿಗೆ ಪ್ರಮಾಣಪತ್ರ ಕೊಡುವ ಹೊಣೆಯೂ ಅದರ ಜೊತೆ ಬಂದಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್‌ಗಳ ಸಂಖ್ಯೆ ಬೇರೆ. ಆದರೆ ಅರ್ಧ ಶತಮಾನದಿಂದ ರೂಢಿಯಾದ ‘12ಎ, 80ಜಿ’ ಎಂಬ ಮಾತು ಅಷ್ಟು ಬೇಗ ಹೋಗದು. ಹಳೆಯ ಪತ್ರವನ್ನೂ ಹೊಸ ಪತ್ರವನ್ನೂ ಒಟ್ಟಿಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಕಂಪನಿಯ ಹಣ ಪಡೆಯಲು 12ಎ, 80ಜಿ ಎರಡರ ಜೊತೆ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಫಾರಂ ಸಲ್ಲಿಸಿ ಪಡೆದ ಸಂಖ್ಯೆಯೂ ಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ನಿಯಮದಲ್ಲಿ ಇನ್ನೊಂದು ಮಾತಿದೆ: ಕಂಪನಿ ತಾನೇ ಕಟ್ಟಿದ್ದಲ್ಲದ ಸಂಸ್ಥೆಗೆ ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. ‘ಮೂರು ವರ್ಷಗಳ ಆಡಿಟ್ ವರದಿ, ಮೂರು ವರ್ಷಗಳ ವಾರ್ಷಿಕ ವರದಿ’ ಎಂದು ಎಲ್ಲ ಕಡೆ ಕೇಳುವುದರ ಮೂಲ ಇದೇ. ವಾರ್ಷಿಕ ವರದಿಯನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಬೇಕಾಗಿಲ್ಲ. ಎಂಟು ಪುಟದ ಡಿಟಿಪಿ ಪ್ರತಿಯಾದರೂ ಸಾಕು. ಆದರೆ ಅದರಲ್ಲಿ ಬರೆದ ಕೆಲಸ ಅದೇ ವರ್ಷದ ಆಡಿಟ್‌ನಲ್ಲಿ ಖರ್ಚಾಗಿ ಕಾಣಿಸಬೇಕು. ವರದಿಯಲ್ಲಿ ಹನ್ನೆರಡು ಆರೋಗ್ಯ ಶಿಬಿರ, ಲೆಕ್ಕದಲ್ಲಿ ಶಿಬಿರದ ಖರ್ಚು ಸೊನ್ನೆ ಎಂದಾದರೆ ಪ್ರಶ್ನೆ ಏಳುತ್ತದೆ. ಔಷಧಿಯನ್ನು ತಾಲ್ಲೂಕು ಆಸ್ಪತ್ರೆ ಕೊಟ್ಟಿರಬಹುದು, ವೈದ್ಯರು ಪುಕ್ಕಟೆ ಬಂದಿರಬಹುದು. ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಪ್ರಶ್ನೆಯೇ ಸಂಸ್ಥೆಯ ಹೆಗ್ಗಳಿಕೆಯಾಗುತ್ತದೆ.

ಲೆಕ್ಕಪತ್ರವನ್ನು ದಾನಿಗಳು ಹೇಗೆ ಓದುತ್ತಾರೆ ಎಂಬುದು ಸಣ್ಣ ಸಂಸ್ಥೆಗಳಿಗೆ ಅಷ್ಟಾಗಿ ತಿಳಿದಿಲ್ಲ. ಆಡಿಟರ್ ಕಡೆಯಿಂದ ಬಂದ ಲಕೋಟೆಯನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತಾರೆ. ಅದರಲ್ಲಿ ಮೂರು ಪಟ್ಟಿಗಳಿರುತ್ತವೆ. ವರ್ಷದಲ್ಲಿ ಕೈಗೆ ಬಂದ, ಕೈಯಿಂದ ಹೋದ ಹಣವನ್ನು ಜಮಾ–ಖರ್ಚಿನ ಪಟ್ಟಿ ತೋರಿಸುತ್ತದೆ. ಆ ವರ್ಷಕ್ಕೇ ಸೇರಿದ ಆದಾಯ ಮತ್ತು ವೆಚ್ಚ ಎರಡನೆಯದರಲ್ಲಿ. ಮಾರ್ಚ್ 31ರಂದು ಸಂಸ್ಥೆಯ ಬಳಿ ಏನಿತ್ತು, ಯಾರಿಗೆ ಏನು ಕೊಡಬೇಕಿತ್ತು ಎಂಬುದು ಬ್ಯಾಲೆನ್ಸ್ ಶೀಟಿನಲ್ಲಿ. ಮಾರ್ಚ್ 25ಕ್ಕೆ 15 ಲಕ್ಷ ರೂಪಾಯಿ ಅನುದಾನ ಬಂದಿತೆನ್ನಿ. ಅದು ಮೊದಲ ಪಟ್ಟಿಯಲ್ಲಿ ಜಮೆಯಾಗಿ ಕಾಣುತ್ತದೆ. ಖರ್ಚು ಇನ್ನೂ ಆಗಿಲ್ಲದ್ದರಿಂದ ಬ್ಯಾಲೆನ್ಸ್ ಶೀಟಿನಲ್ಲಿ ಬಳಕೆಯಾಗದ ಅನುದಾನವೆಂದು, ಅಂದರೆ ಹೊಣೆಯಾಗಿ, ಕೂರುತ್ತದೆ. ಮೊದಲ ಪಟ್ಟಿಯನ್ನಷ್ಟೇ ನೋಡಿದವರಿಗೆ ‘ಇವರ ಹತ್ತಿರ ಆಗಲೇ ಹಣವಿದೆಯಲ್ಲ’ ಎನ್ನಿಸುವುದು ಸಹಜ. ಈ ಹಣ ಯಾವ ದಾನಿಯದು, ಯಾವ ಕೆಲಸಕ್ಕೆ, ಯಾವಾಗ ಖರ್ಚಾಗುತ್ತದೆ ಎಂದು ಅರ್ಧ ಪುಟದ ಟಿಪ್ಪಣಿ ಬರೆದು ಲಗತ್ತಿಸಬೇಕು. ತೆರಿಗೆ ಕಾನೂನು ಸಂಸ್ಥೆಯ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕೆನ್ನುತ್ತದೆ. ಬಳಸಲಾಗದೆ ಮುಂದಿನ ವರ್ಷಗಳಿಗೆ ಕೂಡಿಟ್ಟರೆ ನಿಗದಿತ ಫಾರಂನಲ್ಲಿ ತಿಳಿಸಬೇಕು. ವರ್ಷದ ಕೊನೆಗೆ ಬರುವ ಅನುದಾನಗಳಿಂದ ಇಕ್ಕಟ್ಟಿಗೆ ಸಿಲುಕುವವರು ಇದನ್ನು ಆಡಿಟರ್ ಜೊತೆ ಮೊದಲೇ ಮಾತಾಡಿಕೊಳ್ಳಲಿ.

ಆಡಿಟ್ ವರದಿಯ ಕೊನೆಯಲ್ಲಿ ಆಡಿಟರ್ ಸಹಿಯ ಕೆಳಗೆ ಯುಡಿಐಎನ್ ಎಂಬ ಸಂಖ್ಯೆಯಿರುತ್ತದೆ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 2019ರಲ್ಲಿ ಇದನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಆ ಸಂಖ್ಯೆಯನ್ನು ಅಕೌಂಟೆಂಟ್‌ಗಳ ಸಂಸ್ಥೆಯ ಪೋರ್ಟಲ್‌ನಲ್ಲಿ ಹಾಕಿ, ಸಹಿ ನಿಜವೇ ಎಂದು ಯಾರು ಬೇಕಾದರೂ ನೋಡಬಹುದು. ಸಂಖ್ಯೆಯಿಲ್ಲದ ವರದಿ ಸಿಕ್ಕರೆ ದಾನಿ ಮುಂದೆ ಓದುವುದೇ ಇಲ್ಲ. ವೋಚರ್‌ಗಳ ವಿಷಯದಲ್ಲೂ ಒಂದು ಗೆರೆಯಿದೆ: ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆ ಇಲಾಖೆ ಉದ್ದೇಶಕ್ಕೆ ಬಳಸಿದ್ದೆಂದು ಒಪ್ಪುವುದಿಲ್ಲ. ಶಿಬಿರದ ಅಡುಗೆಯವರಿಗೆ, ಶಾಮಿಯಾನದವರಿಗೆ ನಗದು ಎಣಿಸಿಕೊಡುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಬ್ಯಾಂಕ್ ಮೂಲಕವೇ ಕೊಡುವುದನ್ನು ರೂಢಿ ಮಾಡಿಕೊಂಡರೆ ಕಡತ ತಾನಾಗಿ ಗಟ್ಟಿಯಾಗುತ್ತದೆ.

ಬಜೆಟ್ಟಿನ ಮಾತಿಗೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತು ಸರ್ಕಾರಿ ಶಾಲೆಗಳಲ್ಲಿ ಸಂಜೆ ಹೊತ್ತು ಓದುವ ಮನೆ ನಡೆಸುವ ಯೋಜನೆ. ಹತ್ತು ಸ್ವಯಂಸೇವಕಿಯರಿಗೆ ತಿಂಗಳಿಗೆ 6,000 ರೂಪಾಯಿಯಂತೆ ಹತ್ತು ತಿಂಗಳಿಗೆ 6 ಲಕ್ಷ. ಶಾಲೆಗೆ 25,000ದಂತೆ ಪುಸ್ತಕಕ್ಕೆ 2.5 ಲಕ್ಷ. ಸಂಯೋಜಕರ ಸಂಬಳ 22,000ದಂತೆ ಹನ್ನೆರಡು ತಿಂಗಳಿಗೆ 2.64 ಲಕ್ಷ. ಪ್ರಯಾಣಕ್ಕೆ 50,000. ಅರೆಕಾಲಿಕ ಲೆಕ್ಕಿಗರಿಗೆ 8,000ದಂತೆ 96,000. ಆಡಿಟ್‌ಗೆ 20,000. ಒಟ್ಟು 12.8 ಲಕ್ಷ. ಇಲ್ಲಿ ‘ಪ್ರಯಾಣ ವೆಚ್ಚ: 50,000’ ಎಂದಷ್ಟೇ ಬರೆದರೆ ಅದು ಊಹೆಯ ಅಂಕಿ. ‘ಸಂಯೋಜಕರು ಪ್ರತಿ ಶಾಲೆಗೆ ತಿಂಗಳಿಗೆ ಎರಡು ಸಲ ಭೇಟಿ, ಹತ್ತು ತಿಂಗಳಲ್ಲಿ 200 ಭೇಟಿ, ಭೇಟಿಗೆ ಬಸ್ಸು, ಬೈಕ್ ಪೆಟ್ರೋಲ್ ಸೇರಿ 250’ ಎಂದು ಪಕ್ಕದಲ್ಲಿ ಬರೆದರೆ, ಸಂಸ್ಥೆಗೆ ತನ್ನ ಕೆಲಸ ಗೊತ್ತಿದೆ ಎಂದು ಓದುವವರಿಗೆ ಮನವರಿಕೆಯಾಗುತ್ತದೆ. ಪುಸ್ತಕಕ್ಕೆ ಪ್ರಕಾಶಕರಿಂದ ತಂದ ದರಪಟ್ಟಿ ಲಗತ್ತಿಸಿದರೆ ಇನ್ನೂ ಒಳ್ಳೆಯದು.

ಲೆಕ್ಕಿಗರ ಸಂಬಳವನ್ನು ಬಜೆಟ್ಟಿನಲ್ಲಿ ಕೇಳಲು ಸಣ್ಣ ಸಂಸ್ಥೆಗಳು ಹಿಂಜರಿಯುತ್ತವೆ, ದಾನಿ ಸಿಟ್ಟಾದಾರು ಎಂದು. ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆ ಎಂಬುದನ್ನು ತಪ್ಪಾಗಿ ಅರ್ಥ ಮಾಡಿಕೊಂಡವರು ಎರಡೂ ಕಡೆ ಇದ್ದಾರೆ. ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಯೋಜನೆಯನ್ನು ಜಾರಿಗೊಳಿಸುವ ಸಂಸ್ಥೆಯ ಸಿಬ್ಬಂದಿ, ಲೆಕ್ಕ, ಮೇಲ್ವಿಚಾರಣೆ ಆ ಯೋಜನೆಯದೇ ವೆಚ್ಚ. ದಾಖಲೆ ಇಡುವವರಿಗೆ ಸಂಬಳ ಕೊಡದೆ, ದಾಖಲೆ ಸರಿಯಿಲ್ಲ ಎಂದು ದೂರುವುದು ನ್ಯಾಯವಲ್ಲ. ಲೆಕ್ಕಿಗರ ಸಂಬಳದ ಸಾಲನ್ನು ಸಂಸ್ಥೆಗಳು ಸಂಕೋಚವಿಲ್ಲದೆ ಬರೆಯಬೇಕು, ದಾನಿಗಳು ಸಂಕೋಚವಿಲ್ಲದೆ ಒಪ್ಪಬೇಕು.

‘ನಮ್ಮ ಭಾಗ ತುಂಬಾ ಹಿಂದುಳಿದಿದೆ’ ಎಂಬ ವಾಕ್ಯಕ್ಕೂ ಆಧಾರ ಬೇಕು. ಅಂಥ ಆಧಾರ ನಮ್ಮ ರಾಜ್ಯದಲ್ಲಿ ಧಾರಾಳವಾಗಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು, ಯಾದಗಿರಿ ಇವೆ. ತಾಯಿ–ಮಕ್ಕಳ ಆರೋಗ್ಯ, ರಕ್ತಹೀನತೆ, ಬಾಲ್ಯವಿವಾಹದ ಬಗ್ಗೆ 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲಾವಾರು ಅಂಕಿಗಳಿವೆ. ಶಾಲೆಯ ಕೊಠಡಿ, ಶೌಚಾಲಯ, ದಾಖಲಾತಿಯ ವಿವರ ಯುಡೈಸ್ ಎಂಬ ಸರ್ಕಾರಿ ಶಾಲಾ ದತ್ತಾಂಶದಲ್ಲಿ ಸಿಗುತ್ತದೆ. ಆದರೆ ಜಿಲ್ಲೆಯ ಸರಾಸರಿ ಹೇಳದ ಸಂಗತಿಯೊಂದು ಪ್ರತಿ ಊರಿನಲ್ಲಿರುತ್ತದೆ. ದಸರೆಯ ನಂತರ ಯಾವ ಓಣಿಯ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ, ಆ ಮನೆಗಳ ಎಷ್ಟು ಮಕ್ಕಳು ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರಾಗುತ್ತಾರೆ ಎಂಬುದು. ಸರ್ಕಾರಿ ಅಂಕಿಯ ಪಕ್ಕದಲ್ಲಿ ಸಂಸ್ಥೆಯ ಸ್ವಂತ ಎಣಿಕೆಯ ಒಂದು ಪುಟ ಇಟ್ಟರೆ, ಯಾವ ಸಲಹೆಗಾರನೂ ಬೆಂಗಳೂರಿನಲ್ಲಿ ಕೂತು ಬರೆಯಲಾಗದ ದಾಖಲೆ ಅದು.

ಬೆಂಬಲ ಪತ್ರಗಳ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚು ದುಂದಾಗುವುದು ಇಲ್ಲೇ. ‘ಸದರಿ ಸಂಸ್ಥೆಯು ನಮ್ಮ ಗ್ರಾಮದಲ್ಲಿ ಉತ್ತಮ ಸಮಾಜಸೇವೆ ಮಾಡುತ್ತಿದ್ದು, ಸದರಿಯವರಿಗೆ ಅನುದಾನ ನೀಡಬೇಕೆಂದು ಶಿಫಾರಸು ಮಾಡಲಾಗಿದೆ’ ಎಂಬ ಪತ್ರವನ್ನು ಸಂಸ್ಥೆಯೇ ಟೈಪ್ ಮಾಡಿಸಿ, ಐದು ಪಂಚಾಯಿತಿಗಳ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿ, ಮೊಹರು ಹಾಕಿಸಿಕೊಂಡು ಬರುತ್ತದೆ. ಐದೂ ಪತ್ರಗಳಲ್ಲಿ ಒಂದೇ ಕಾಗುಣಿತ ತಪ್ಪು. ಇಂಥವು ಐದಿದ್ದರೂ ಒಂದೂ ಇಲ್ಲದಂತೆ. ಅದರ ಬದಲು ಮುಖ್ಯೋಪಾಧ್ಯಾಯರು, ‘ನಮ್ಮ ಶಾಲೆಯ ಒಂದು ಕೊಠಡಿಯನ್ನು ಸಂಜೆ 4.30ರಿಂದ 6ರವರೆಗೆ ಬಿಟ್ಟುಕೊಡುತ್ತೇವೆ, ಬೀಗದ ಕೈ ಎಸ್‌ಡಿಎಂಸಿ ಅಧ್ಯಕ್ಷರ ಬಳಿ ಇರುತ್ತದೆ’ ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಅದು ನಿಜವಾದ ಬೆಂಬಲ. ಪಂಚಾಯಿತಿ ವಿದ್ಯುತ್ ಬಿಲ್ ಕಟ್ಟುವುದಾಗಿ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದ್ದರೆ ಅದರ ನಕಲು ಶಾಸಕರ ಶಿಫಾರಸು ಪತ್ರಕ್ಕಿಂತ ಮೇಲು. ಹೊಗಳಿಕೆ ಬೇಡ, ಅವರು ಏನು ಕೊಡುತ್ತಾರೆ ಎಂಬುದು ಬೇಕು. ಸರ್ಕಾರಿ ಶಾಲೆಯೊಳಗೆ ಕೆಲಸ ಮಾಡುವುದಾದರೆ ಶಿಕ್ಷಣ ಇಲಾಖೆಯ ಅನುಮತಿ ಪತ್ರವನ್ನು ಅರ್ಜಿಗೆ ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಅದಿಲ್ಲದೆ ಹಣ ಬಂದರೂ ಬಾಗಿಲು ತೆರೆಯುವುದಿಲ್ಲ.

ಇನ್ನು ಫೋಟೊಗಳು. ಜಿಪಿಎಸ್ ಗುರುತಿರುವ ಫೋಟೊ, ಫಲಾನುಭವಿಗಳ ಪಟ್ಟಿ, ಅದರ ಜೊತೆ ಆಧಾರ್ ನಕಲು ಎಂದು ಕೆಲವು ದಾನಿಗಳು ಕೇಳುತ್ತಾರೆ. ಕೇಳದಿದ್ದರೂ ಕೆಲವು ಸಂಸ್ಥೆಗಳು ಭಕ್ತಿಯಿಂದ ಕಳಿಸುತ್ತವೆ. ಇಲ್ಲಿ ನಾನು ಗಟ್ಟಿಯಾಗಿ ಹೇಳಬೇಕಾದದ್ದಿದೆ. ನಮ್ಮನ್ನು ನಂಬಿ ಮನೆಯ ಕಷ್ಟ ಹೇಳಿಕೊಂಡ ಹೆಣ್ಣುಮಗಳ ಹೆಸರು, ಮುಖ, ಆಧಾರ್ ಸಂಖ್ಯೆ ಅನುದಾನದ ಅರ್ಜಿಗೆ ಲಗತ್ತಿಸುವ ಸರಕಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದನ್ನು 2012ರ ಪೋಕ್ಸೊ ಕಾಯ್ದೆ ನಿರ್ಬಂಧಿಸುತ್ತದೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾನೂನಿನ ಮಾತು ಬಿಟ್ಟರೂ, ಎಚ್‌ಐವಿ ಜೊತೆ ಬದುಕುತ್ತಿರುವವರ, ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರ ಪಟ್ಟಿ ಯಾವುದೋ ಕಚೇರಿಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದನ್ನು ನೆನೆದರೆ ಮೈ ನಡುಗುತ್ತದೆ. ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ, ಮೂಲ ಪಟ್ಟಿ ಸಂಸ್ಥೆಯ ಕಪಾಟಿನಲ್ಲಿದೆ, ಬಂದು ಪರಿಶೀಲಿಸಬಹುದು ಎಂದು ಬರೆಯಬಹುದು. ಫೋಟೊ ಬೇಕೇಬೇಕಾದರೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯಬೇಕು. ಒಲ್ಲೆ ಎಂದರೆ ಅಲ್ಲಿಗೆ ಬಿಡಬೇಕು. ಇದನ್ನು ಒಪ್ಪದ ದಾನಿಯ ಹಣವಿಲ್ಲದೆಯೂ ಬದುಕಬಹುದು.

ವಿದೇಶದ ಹಣದ ದಾರಿ ಬೇರೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಚಟುವಟಿಕೆಗೆ ಕನಿಷ್ಠ 15 ಲಕ್ಷ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಬೀಳುವುದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಆಡಳಿತ ವೆಚ್ಚ ಶೇ 20ನ್ನು ಮೀರುವಂತಿಲ್ಲ, ಮೊದಲು ಶೇ 50 ಇತ್ತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ತಾಲ್ಲೂಕಿನ ಸಣ್ಣ ಸಂಸ್ಥೆಗಳಿಗೆ ಹರಿಯುತ್ತಿದ್ದ ಹಣ ಇದರಿಂದ ನಿಂತುಹೋಯಿತು. ಸಣ್ಣವರು ಈಗ ಸ್ವದೇಶಿ ಅನುದಾನಕ್ಕೆ ಮೊದಲಿಗಿಂತ ಹೆಚ್ಚು ಮುಗಿಬೀಳುವುದಕ್ಕೂ ಅವರ ಕಡತಗಳು ಮೊದಲಿಗಿಂತ ಗಟ್ಟಿಯಿರಬೇಕಾದದ್ದಕ್ಕೂ ಇದೊಂದು ದೊಡ್ಡ ಕಾರಣ. ಷೇರುಪೇಟೆಯ ಮಾದರಿಯ ಸಾಮಾಜಿಕ ವಿನಿಮಯ ಕೇಂದ್ರವೂ ಈಗ ಇದೆ. 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಆ ಬಾಗಿಲು ಸದ್ಯಕ್ಕೆ ದೊಡ್ಡ ಸಂಸ್ಥೆಗಳಿಗೇ ಹೊಂದುವಂಥದ್ದು.

ಸರ್ಕಾರದ ಅನುದಾನಕ್ಕೆ ಪ್ರಯತ್ನಿಸುವವರಿಗೆ ಹಳೆಯ ‘ಯುಸಿ’ಯೇ ಮುಖ್ಯ ದಾಖಲೆ, ಅಂದರೆ ಹಣ ಬಳಕೆ ಪ್ರಮಾಣಪತ್ರ. ಹಿಂದಿನ ಕಂತಿನ ಯುಸಿ ಬಾಕಿಯಿದ್ದರೆ ಹೊಸ ಅರ್ಜಿ ಮೇಜು ದಾಟುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ಜಾನಪದ ತಂಡಗಳಿಗೆ, ನಾಟಕ ಸಂಘಗಳಿಗೆ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ, ಪತ್ರಿಕೆಯಲ್ಲಿ ಬಂದ ವರದಿ, ಫೋಟೊಗಳೇ ಆಸ್ತಿ. ಆಟ ಮುಗಿದ ಮರುದಿನವೇ ಇವನ್ನು ತಾರೀಖು ಬರೆದು ಒಂದು ಫೈಲಿಗೆ ಸೇರಿಸುವವರು ತಂಡದಲ್ಲಿ ಒಬ್ಬರಿದ್ದರೆ ಸಾಕು.

ಕೊಡುವವರ ಪಾಲಿನದೂ ಒಂದಿಷ್ಟಿದೆ. ನೋಂದಣಿ, ತೆರಿಗೆ, ಆಡಿಟ್ ದಾಖಲೆಗಳು ಯಾವ ದಾನಿಗಾದರೂ ಅವೇ. ಆದರೂ ಪ್ರತಿಯೊಬ್ಬರೂ ತಮ್ಮದೇ ನಮೂನೆಯಲ್ಲಿ, ತಮ್ಮದೇ ಪೋರ್ಟಲ್‌ನಲ್ಲಿ, ಪ್ರತಿ ಪುಟಕ್ಕೂ ಸಹಿ–ಮೊಹರು ಹಾಕಿ ಕಳಿಸಲು ಹೇಳುತ್ತಾರೆ. ಎರಡು ಲಕ್ಷದ ಅನುದಾನಕ್ಕೂ ಎರಡು ಕೋಟಿಯ ಅನುದಾನಕ್ಕೂ ಒಂದೇ ಪಟ್ಟಿ. ದಾನಿಗಳು ಸೇರಿ ಒಂದು ಸಾಮಾನ್ಯ ಪಟ್ಟಿ ಒಪ್ಪಿಕೊಳ್ಳಬಹುದು. ಸಣ್ಣ ಮೊತ್ತಕ್ಕೆ ಸಣ್ಣ ಪಟ್ಟಿ ಇಡಬಹುದು. ಕನ್ನಡದ ಬೈಲಾ, ಕನ್ನಡದ ನಡಾವಳಿಯನ್ನು ಓದಬಲ್ಲ ಒಬ್ಬರನ್ನು ಕರ್ನಾಟಕದಲ್ಲಿ ಹಣ ಕೊಡುವ ಪ್ರತಿ ಕಚೇರಿಯೂ ಇಟ್ಟುಕೊಳ್ಳಬಹುದು. ಅರ್ಜಿ ತಿರಸ್ಕರಿಸಿದಾಗ, ಯಾವ ದಾಖಲೆ ಸಾಲದಾಯಿತು ಎಂದು ಎರಡು ಸಾಲು ಬರೆದು ತಿಳಿಸಬಹುದು. ಇವತ್ತು ಹೆಚ್ಚಿನವರಿಗೆ ಬರುವುದು ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು, ಇಲ್ಲವೆ ಮೌನ.

ಈ ವರ್ಷ ಅಂಥ ಉತ್ತರ ಬಂದಿರುವ ಸಂಸ್ಥೆಗಳು ಹಿಂಜರಿಯದೆ ಮರಳಿ ಪತ್ರ ಬರೆದು ಕಾರಣ ಕೇಳಲಿ. ಉತ್ತರ ಬಂದರೆ ಅದನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಓದಿ, ಯಾವ ದಾಖಲೆಯನ್ನು ಯಾರು, ಯಾವ ತಿಂಗಳೊಳಗೆ ಸರಿಪಡಿಸುತ್ತಾರೆ ಎಂದು ನಡಾವಳಿಯಲ್ಲಿ ಬರೆಯಲಿ. ಏಪ್ರಿಲ್‌ನಲ್ಲಿ ಶುರುಮಾಡಿದರೆ ಸೆಪ್ಟೆಂಬರಿನ ಆಡಿಟ್ ಹೊತ್ತಿಗೆ ಅರ್ಧ ಕಡತ ಸಿದ್ಧವಾಗಿರುತ್ತದೆ.